ಕೈಗೆ ಸಿಗದ ಮಾಲೀಕರಿಗೆ ನೋಟಿಸ್ ಜಾರಿ: ನನ್ನ ಅನುಭವ

ಮಂಜೂರಾದ ನಕ್ಷೆಯನ್ನು ಮೀರಿ ಮಹಡಿ ಏರಿಸಿದ್ದ ಕಟ್ಟಡವೊಂದರ ಬಗ್ಗೆ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 321ನೇ ಪ್ರಕರಣದಡಿ ನಮ್ಮ ಪಾಲಿಕೆ ಹೊರಡಿಸಿದ್ದ, ಅಕ್ರಮ ಭಾಗವನ್ನು ತೆರವುಗೊಳಿಸುವ ತಾತ್ಕಾಲಿಕ ಆದೇಶವು ಮಾಲೀಕರಿಗೆ ಜಾರಿಯಾಗದೆ ಮರಳಿ ಬರುತ್ತಿತ್ತು. ಪಾಲಿಕೆಯ ಆಸ್ತಿ ಖಾತೆಯಲ್ಲಿದ್ದದ್ದು ತೀರಿಕೊಂಡವರ ಹೆಸರು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪಡೆದ, ಆಸ್ತಿಯ ನೋಂದಾಯಿತ ವಹಿವಾಟುಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಿಂದ ಈಗಿನ ಮಾಲೀಕರ ಹೆಸರೂ, ಕ್ರಯಪತ್ರದ ದೃಢೀಕೃತ ನಕಲಿನಿಂದ ಅವರ ವಿಳಾಸವೂ ದೊರೆತವು. ಅವರ ಹೆಸರಿಗೇ ಹೊಸದಾಗಿ ಆದೇಶ ಹೊರಡಿಸಿ, ಅಂಚೆಯಲ್ಲಿ ಕಳುಹಿಸಿದ್ದಲ್ಲದೆ, ಕಟ್ಟಡದ ಮುಂಬಾಗಿಲಿಗೂ ಪ್ರತಿಯನ್ನು ಅಂಟಿಸಿ, ನೆರೆಯ ಪಂಚರ (ಸಾಕ್ಷಿಗಳ) ಸಹಿಯೊಂದಿಗೆ ಮಹಜರು (ಸ್ಥಳದಲ್ಲೇ ಬರೆಯುವ ದಾಖಲೆ) ಬರೆದು, ಛಾಯಾಚಿತ್ರಗಳನ್ನು ಕಡತಕ್ಕೆ ಸೇರಿಸಿದೆವು. ನನ್ನ ಮಟ್ಟಿಗೆ ಮಹಜರೇ ಮುಖ್ಯ. ಏಕೆಂದರೆ ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಮೊದಲು ಏಳುವ ತಕರಾರೇ ‘ನೋಟಿಸ್ ತಲುಪಿಲ್ಲ’ ಎಂಬುದು. ಮಾಲೀಕರು ಸಮಜಾಯಿಷಿ ಸಲ್ಲಿಸಿದರು. ಅದನ್ನು ಪರಿಶೀಲಿಸಿದ ನಂತರ 321(3)ರಡಿ ಆ ತಾತ್ಕಾಲಿಕ ಆದೇಶವು ಸ್ಥಿರೀಕರಣಗೊಂಡಿತು, ಅಂದರೆ ಖಾಯಂ ಆಯಿತು.