ಮಾರುತಿ 800ರ ಎಂಜಿನ್ ಬಿಚ್ಚಲು ಸಲಕರಣೆಗಳ ಆಯ್ಕೆ

ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800ರ 796 ಸಿಸಿ ಎಂಜಿನ್‌ನಲ್ಲಿ ಇರುವುದು ಮೂರೇ ಸಿಲಿಂಡರು, ವಾಲ್ವುಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟು. ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂನದು. ಮನೆಯ ಶೆಡ್ಡಿನಲ್ಲಿ ಮೊದಲ ಬಾರಿಗೆ ಎಂಜಿನ್ ಬಿಚ್ಚಲು ಹೊರಟವರಿಗೆ ಇದಕ್ಕಿಂತ ಸರಳವಾದದ್ದು ಸಿಗುವುದು ಕಷ್ಟ. ಆದರೆ ಹೊಸಬರಲ್ಲಿ ಅನೇಕರು ಮಾಡುವ ಮೊದಲ ತಪ್ಪು, ನೂರಕ್ಕೂ ಹೆಚ್ಚು ತುಂಡುಗಳಿರುವ ಅಗ್ಗದ ಟೂಲ್ ಪೆಟ್ಟಿಗೆಯನ್ನು ಕೊಳ್ಳುವುದು. ಅದರಲ್ಲಿ ಅರ್ಧದಷ್ಟು ಈ ಎಂಜಿನ್‌ಗೆ ತಾಗುವುದೇ ಇಲ್ಲ. ತಾಗುವ ಅರ್ಧವೂ ಬಿಗಿಯಾದ ಬೋಲ್ಟಿನ ಎದುರು ಸೋಲುತ್ತದೆ.

ಜಪಾನಿ ಮೂಲದ ಈ ಎಂಜಿನ್‌ನ ಹೆಚ್ಚಿನ ಕೆಲಸ 10, 12, 14 ಮತ್ತು 17 ಮಿ.ಮೀ. ಅಳತೆಗಳಲ್ಲೇ ಮುಗಿಯುತ್ತದೆ, 8 ಮತ್ತು 19 ಆಗಾಗ ಬೇಕಾಗುತ್ತವೆ. ಆದ್ದರಿಂದ ಈ ಆರು ಅಳತೆಗಳ ಸ್ಪ್ಯಾನರು, ಸಾಕೆಟ್ಟುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದು ಜಾಣತನ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇವು ಒಂದೊಂದಾಗಿಯೇ ಸಿಗುತ್ತವೆ. ಇದೇ ಸಾಮಾನು ಎಲ್ಲ ಗಾಡಿಗೂ ಆದೀತೆಂದು ತಿಳಿಯಬಾರದು: 1,489 ಸಿಸಿ ಎಂಜಿನ್‌ನ ಹಳೆಯ ಅಂಬಾಸಿಡರ್ ಬ್ರಿಟಿಷ್ ಮೂಲದ್ದಾದ್ದರಿಂದ ಅದರಲ್ಲಿ ಇಂಚಿನ ಅಳತೆಯ ಬೋಲ್ಟುಗಳಿವೆ. ಅರ್ಧ ಇಂಚೆಂದರೆ 12.7 ಮಿ.ಮೀ.; ಅದರ ಮೇಲೆ 13ರ ಸ್ಪ್ಯಾನರ್ ಕೂತಂತೆ ಕಂಡರೂ ಹೆಚ್ಚು ಬಲ ಹಾಕಿದಾಗ ಜಾರಿ ಬೋಲ್ಟಿನ ಮೂಲೆಗಳನ್ನು ಸವೆಸಬಹುದು.

ಬೋಲ್ಟಿನ ತಲೆಯ ಮೇಲೆ ಟೊಪ್ಪಿಯಂತೆ ಕೂರುವ ಸಾಕೆಟ್ ಕೊಳ್ಳುವಾಗ ಅದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹನ್ನೆರಡು ಮೂಲೆಯ ಸಾಕೆಟ್ ಯಾವ ಕೋನದಲ್ಲಾದರೂ ಬೇಗ ಕೂರುತ್ತದೆ, ಆದರೆ ಅದರ ಹಿಡಿತವೆಲ್ಲ ಬೋಲ್ಟಿನ ಮೂಲೆಗಳ ಹತ್ತಿರವೇ ಬೀಳುತ್ತದೆ. ಆರು ಮೂಲೆಯದು ಬೋಲ್ಟಿನ ಚಪ್ಪಟೆ ಮುಖಗಳನ್ನು ಹೆಚ್ಚು ಅಗಲವಾಗಿ ಒತ್ತಿ ಹಿಡಿಯುತ್ತದೆ. ಹೊಗೆ ಹೊರಹಾಕುವ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತುಕ್ಕು ಹಿಡಿದ 12ರ ನಟ್ಟೊಂದನ್ನು ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರಿನಿಂದ ತಿರುಗಿಸಲು ಹೋಗಿ ಗುಂಡಗೆ ಮಾಡಿಕೊಂಡ ನಾನು, ಆ ಸಂಜೆಯಿಡೀ ಅದನ್ನು ಉಳಿಯಿಂದ ಸೀಳುತ್ತ ಕೂತಿದ್ದೆ. ಅಂಥ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿರಬೇಕು.

ಹಿಡಿಕೆಗಳಲ್ಲಿ ಎರಡು ಬೇಕು. ಸಡಿಲವಾದ ಬೋಲ್ಟನ್ನು ಬೇಗ ಬಿಚ್ಚಲು 3/8 ಇಂಚಿನ (ಇದು ಸಾಕೆಟ್ ಸಿಕ್ಕಿಸುವ ಚೌಕ ತುದಿಯ ಅಳತೆ), ಒಂದು ದಿಕ್ಕಿಗೆ ಮಾತ್ರ ಹಿಡಿದು ಹಿಂದಕ್ಕೆ ಸುಮ್ಮನೆ ತಿರುಗುವ ರ‍್ಯಾಚೆಟ್ ಸಾಕು. ಮೊದಲ ಬಿಗಿಯನ್ನು ಒಡೆಯಲು ಮಾತ್ರ ಅರ್ಧ ಇಂಚಿನ, ಹಲ್ಲುಗಳಿಲ್ಲದ ಉದ್ದನೆಯ ಬ್ರೇಕರ್ ಬಾರನ್ನೇ ಬಳಸಬೇಕು. ರ‍್ಯಾಚೆಟ್ಟಿಗೆ ಪೈಪು ತೂರಿಸಿ ಎಳೆದರೆ ಅದರ ಒಳಗಿನ ಹಲ್ಲು ಮುರಿಯುತ್ತದೆ. ಬಿಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಮತ್ತೆ ಜೋಡಿಸುವಾಗಿನ ಸಲಕರಣೆ, ಅದರಿಂದ ಬಿಚ್ಚಬಾರದು. ಪಿಸ್ಟನ್ನುಗಳು ತಿರುಗಿಸುವ ದಂಡವೇ ಕ್ರ್ಯಾಂಕ್; ಅದರ ತುದಿಯ ಪುಲ್ಲಿಯ ಬೋಲ್ಟನ್ನು ಎಂಜಿನ್ ಇನ್ನೂ ಗಾಡಿಯಲ್ಲಿರುವಾಗಲೇ ಸಡಿಲಿಸಿಕೊಳ್ಳುವುದು ಒಳ್ಳೆಯದು: ಟಾಪ್ ಗೇರಿಗೆ ಹಾಕಿ ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ. ಎಂಜಿನ್ ನೆಲಕ್ಕೆ ಬಂದ ಮೇಲೆ ಅದೇ ಬೋಲ್ಟು ಇಡೀ ಎಂಜಿನ್ನನ್ನೇ ಹೊರಳಿಸುತ್ತದೆ.

ಸ್ಕ್ರೂ ಡ್ರೈವರುಗಳ ವಿಷಯದಲ್ಲಿ ಜಿಪುಣತನ ಬೇಡ. ಕಾರ್ಬ್ಯುರೇಟರಿನ ಸ್ಟಾರ್ ಸ್ಕ್ರೂಗಳು ಮೆದುವಾಗಿದ್ದು, ತುದಿ ಸವೆದ ಡ್ರೈವರಿನಿಂದ ಒಮ್ಮೆ ಜಾರಿದರೂ ಕೆಟ್ಟುಹೋಗುತ್ತವೆ. ಹಟ ಹಿಡಿದ ದೊಡ್ಡ ಸ್ಕ್ರೂಗಳಿಗೆ, ಸುತ್ತಿಗೆಯಿಂದ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇರಲಿ. ಸ್ಪಾರ್ಕ್ ಪ್ಲಗ್ಗಿಗೆ 21ರ, ಒಳಗೆ ರಬ್ಬರ್ ಇರುವ ಉದ್ದ ಸಾಕೆಟ್ ಬೇಕು.

ಹೆಡ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೋಲ್ಟುಗಳನ್ನು ಎರಡು ತುದಿಗಳಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸುತ್ತುಸುತ್ತಿಗೆ ಸಡಿಲಿಸುತ್ತ ಬರಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಬಾಗುವ ಅಪಾಯವಿದೆ. ಎಲ್ಲ ಬೋಲ್ಟು ತೆಗೆದ ಮೇಲೂ ಹೆಡ್ ಅಂಟಿಕೊಂಡಿದ್ದರೆ ಹೆಡ್ ಮತ್ತು ಬ್ಲಾಕಿನ ನಡುವೆ ಸ್ಕ್ರೂ ಡ್ರೈವರ್ ತೂರಿಸಿ ಮೀಟುವ ಆಸೆಯಾಗುತ್ತದೆ. ಅದರಿಂದ ಬೀಳುವ ಒಂದು ಗೀರು ಸಾಕು, ಎರಡರ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಹೊಸದು ಹಾಕಿದರೂ ಸೋರುತ್ತದೆ. ಪಕ್ಕದ ದಪ್ಪ ಭಾಗಕ್ಕೆ ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ತಟ್ಟಿದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ವಾಲ್ವ್ ತೆಗೆಯಲು ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು, ಆದರೆ ಒಂದು ದಿನದ ಕೆಲಸಕ್ಕೆ ಅದನ್ನು ಕೊಳ್ಳುವುದಕ್ಕಿಂತ ಪರಿಚಯದ ಗ್ಯಾರೇಜಿನಿಂದ ಎರವಲು ತರುವುದೇ ಮೇಲು. ಸ್ಪ್ರಿಂಗ್ ಒತ್ತಿದಾಗ ಹೊರಬರುವ ಪುಟ್ಟ ಲಾಕುಗಳನ್ನು ಎತ್ತಲು ಅಯಸ್ಕಾಂತದ ಕಡ್ಡಿ ಜತೆಗಿರಲಿ.

ಕೆಳಭಾಗಕ್ಕೆ ಬೇಕಾದದ್ದು ಸಣ್ಣಪುಟ್ಟ ಸಾಮಾನು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿಗೂ ಅದನ್ನು ಕ್ರ್ಯಾಂಕಿಗೆ ಹಿಡಿದಿಡುವ ಕ್ಯಾಪಿಗೂ ಬಿಚ್ಚುವ ಮೊದಲೇ ಒಂದೇ ಸಂಖ್ಯೆಯ ಗುರುತು ಹಾಕಬೇಕು, ಏಕೆಂದರೆ ಒಂದರ ಕ್ಯಾಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ಪಿಸ್ಟನ್ನನ್ನು ಮೇಲಕ್ಕೆ ತಳ್ಳುವಾಗ ರಾಡಿನ ಬೋಲ್ಟುಗಳು ಕ್ರ್ಯಾಂಕಿನ ನುಣುಪಾದ ಮೈಗೆ ತಾಗದಂತೆ, ಹಳೆಯ ಪೆಟ್ರೋಲ್ ಪೈಪಿನ ಎರಡು ತುಂಡುಗಳನ್ನು ಅವಕ್ಕೆ ತೊಡಿಸಬೇಕು. ತಳ್ಳಲು ಸುತ್ತಿಗೆಯ ಮರದ ಹಿಡಿಯೇ ಸಾಕು.

ಎಂಜಿನ್ ಎತ್ತಲು ಚೈನ್ ಬ್ಲಾಕನ್ನು ಬಾಡಿಗೆಗೆ ತಂದರೆ ಆಯಿತು. ಅದನ್ನು ಶೆಡ್ಡಿನ ಶೀಟು ಹೊತ್ತ ತೆಳು ಪೈಪಿಗೆ ಕಟ್ಟದೆ, ಭಾರ ತಾಳುವ ತೊಲೆಗೋ ಮೂರು ಕಾಲಿನ ಗಟ್ಟಿ ಸ್ಟ್ಯಾಂಡಿಗೋ ಕಟ್ಟಬೇಕು. ತೂಗಾಡುವ ಎಂಜಿನ್ ಕೆಳಗೆ ಕೈ ಹಾಕಬಾರದು.

ದುಡ್ಡು ಬೇಡದ ಸಲಕರಣೆಯೂ ಒಂದಿದೆ. ರಟ್ಟಿನ ಮೇಲೆ ಹೆಡ್ಡಿನ ಆಕಾರ ಬರೆದು, ಬೋಲ್ಟಿರುವ ಜಾಗಗಳಲ್ಲಿ ತೂತು ಮಾಡಿ, ತೆಗೆದ ಬೋಲ್ಟನ್ನು ಆಯಾ ತೂತಿಗೆ ಸಿಕ್ಕಿಸುತ್ತ ಹೋದರೆ, ಎರಡು ತಿಂಗಳ ನಂತರ ಜೋಡಿಸಲು ಕೂತಾಗಲೂ ಯಾವುದು ಎಲ್ಲಿಯದೆಂದು ಯೋಚಿಸಬೇಕಾಗುವುದಿಲ್ಲ.