ಟಿವಿಯಲ್ಲಿ ಕಪ್ಪು ಬೂದಿಯಾಗಿದ್ಯಾ? ಫುಲ್, ಲಿಮಿಟೆಡ್ ರೇಂಜ್ ಸರಿ ಮಾಡಿಕೊಳ್ಳುವ ಬಗೆ

ಲ್ಯಾಪ್‌ಟಾಪನ್ನು ಹಾಲ್‌ನ ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಹಚ್ಚಿದ್ದೀರಿ. ಚಿತ್ರ ಬಂತು, ಶಬ್ದವೂ ಬಂತು. ಆದರೂ ಏನೋ ಸರಿ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕಡುಗಪ್ಪಾಗಿದ್ದ ಜಾಗ ಟಿವಿಯಲ್ಲಿ ಬೂದಿ ಬಳಿದ ಹಾಗಿದೆ. ಅಥವಾ ಉಲ್ಟಾ, ಕತ್ತಲ ದೃಶ್ಯ ಬಂದರೆ ಸಾಕು, ಮುಖ ಯಾವುದು ಗೋಡೆ ಯಾವುದು ತಿಳಿಯದೆ ಎಲ್ಲ ಒಂದೇ ಮಸಿ. ಹೀಗಾದಾಗ ಎಲ್ಲರ ಕೈ ಮೊದಲು ಹೋಗುವುದು ಬ್ರೈಟ್‌ನೆಸ್ ಮೇಲೆ. ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಹೆಚ್ಚಿನ ಸಲ ತಪ್ಪು ಇರುವುದು ಕಲರ್ ರೇಂಜ್ ಅನ್ನೋ ಸಣ್ಣ ಸೆಟ್ಟಿಂಗ್‌ನಲ್ಲಿ.

ನಮ್ಮ ಕಡೆ ಇದು ಈಗೀಗ ಜಾಸ್ತಿ ಕಾಣುತ್ತಿದೆ. ಬೆಂಗಳೂರಿನ ಕೆಲಸವನ್ನು ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಯಿಂದಲೇ ಮಾಡುವವರು ಬೇರೆ ಮಾನಿಟರ್ ಯಾಕೆ ಅಂತ ಇರುವ ಟಿವಿಗೇ ಲ್ಯಾಪ್‌ಟಾಪ್ ಹಚ್ಚುತ್ತಾರೆ. ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗರು ಎರಡನೇ ಪರದೆಯಾಗಿ ಹಳೇ ಟಿವಿ ಇಟ್ಟುಕೊಂಡಿರುತ್ತಾರೆ. ಇಬ್ಬರಿಗೂ ತೊಂದರೆ ಒಂದೇ.

ವಿಷಯ ಇಷ್ಟೇ. 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು. ಕಂಪ್ಯೂಟರ್ ಇವೆಲ್ಲವನ್ನೂ ಬಳಸುತ್ತದೆ: 0 ಅಂದರೆ ಅಚ್ಚ ಕಪ್ಪು, 255 ಅಂದರೆ ಅಚ್ಚ ಬಿಳಿ. ಇದು ಫುಲ್ ರೇಂಜ್. ಟಿವಿ ಲೋಕದಲ್ಲಿ ಕಪ್ಪು ಶುರುವಾಗುವುದು 16ರಿಂದ, ಬಿಳಿ ಮುಗಿಯುವುದು 235ಕ್ಕೆ. ಇದು ಲಿಮಿಟೆಡ್. 1982ರಲ್ಲಿ ಡಿಜಿಟಲ್ ವಿಡಿಯೊಗೆ ಮಾಡಿದ 601 ಅನ್ನೋ ಮಾನದಂಡದಿಂದ ಬಂದ ಪದ್ಧತಿ. ಆಗ ಸಿಗ್ನಲ್ ಅನಲಾಗ್‌ನಿಂದ ಡಿಜಿಟಲ್‌ಗೆ ಹೋಗಿ ಬರುವಾಗ ಸ್ವಲ್ಪ ಮೇಲೆ ಕೆಳಗೆ ಜಿಗಿಯುತ್ತಿತ್ತು, ಹಾಗೆ ಜಿಗಿದರೂ ಕತ್ತರಿಸಿ ಹೋಗದಿರಲಿ ಅಂತ ಎರಡೂ ತುದಿಯಲ್ಲಿ ಜಾಗ ಬಿಟ್ಟರು. ಆ ಮಾನದಂಡದಲ್ಲಿ 0 ಮತ್ತು 255 ಸಿಂಕ್ ಗುರುತಿಗೇ, ಅಂದರೆ ಚಿತ್ರದ ಸಾಲು ಎಲ್ಲಿ ಶುರು ಎಲ್ಲಿ ಕೊನೆ ಅಂತ ತಿಳಿಸುವುದಕ್ಕೇ ಮೀಸಲು. ಅನಲಾಗ್ ಹೋದರೂ ಪದ್ಧತಿ ಹೋಗಲಿಲ್ಲ. ಇವತ್ತಿಗೂ ಡಿಟಿಎಚ್, ಬ್ಲೂರೇ, ಒಟಿಟಿ ಸಿನಿಮಾ ಎಲ್ಲ ಲಿಮಿಟೆಡ್ಡೇ. 10 ಬಿಟ್ ಎಚ್‌ಡಿಆರ್ ವಿಡಿಯೊದಲ್ಲೂ ಹೀಗೇ, 0ಯಿಂದ 1023ರವರೆಗಿನ ಮೆಟ್ಟಿಲಲ್ಲಿ ಕಪ್ಪು 64, ಬಿಳಿ 940, ಅಷ್ಟೇ ವ್ಯತ್ಯಾಸ.

ಈಗ ಕಳಿಸುವವನು ಒಂದು ಲೆಕ್ಕದಲ್ಲಿ ಕಳಿಸಿ, ತೋರಿಸುವವನು ಇನ್ನೊಂದು ಲೆಕ್ಕದಲ್ಲಿ ಓದಿದರೆ ಏನಾಗುತ್ತದೆ? ಮಂಡಿಯಲ್ಲಿ ಒಬ್ಬ ಕೆಜಿಯಲ್ಲಿ ಹೇಳಿ ಇನ್ನೊಬ್ಬ ಮಣದಲ್ಲಿ ಬರೆದುಕೊಂಡ ಹಾಗೆ. ಲ್ಯಾಪ್‌ಟಾಪ್ ಲಿಮಿಟೆಡ್ ಕಳಿಸಿ ಟಿವಿ ಫುಲ್ ಅಂದುಕೊಂಡರೆ, 16 ಅನ್ನೋ ಕಪ್ಪು ಬೂದುಬಣ್ಣವಾಗಿ ಕಾಣುತ್ತದೆ, ಬಿಳಿ ಮಂಕಾಗುತ್ತದೆ, ಇಡೀ ಚಿತ್ರದ ಮೇಲೆ ಆಗುಂಬೆ ಮಂಜು ಕೂತ ಹಾಗಿರುತ್ತದೆ. ಲ್ಯಾಪ್‌ಟಾಪ್ ಫುಲ್ ಕಳಿಸಿ ಟಿವಿ ಲಿಮಿಟೆಡ್ ಅಂದುಕೊಂಡರೆ, 16ರ ಕೆಳಗಿನದೆಲ್ಲ ಒಂದೇ ಕಪ್ಪು, 235ರ ಮೇಲಿನದೆಲ್ಲ ಒಂದೇ ಬಿಳಿ. ಮಳೆಗಾಲದ ಜೋಗದ ಫೋಟೊ ಹಾಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ: ನೊರೆಯ ಎಳೆ ಎಳೆ ಹೋಗಿ ಸುಣ್ಣ ಬಳಿದಂತಾಗುತ್ತದೆ, ಪಕ್ಕದ ಒದ್ದೆ ಬಂಡೆಯ ಬಿರುಕೂ ಕಾಣುವುದಿಲ್ಲ. ಸಕ್ರೆಬೈಲಿನ ಆನೆ ನೆರಳಲ್ಲಿ ನಿಂತಿದ್ದರೆ ಚರ್ಮದ ಸುಕ್ಕು ಮಾಯ, ಬರೀ ಆಕಾರ.

ತುಂಬಾ ಜನ ಇದನ್ನು ‘ಪಂಚ್ ಇದೆ, ಕಾಂಟ್ರಾಸ್ಟ್ ಸೂಪರ್’ ಅಂತ ಇಷ್ಟಪಡುತ್ತಾರೆ. ಅಂಗಡಿಯಲ್ಲೂ ಹಾಗೇ ತೋರಿಸಿ ಮಾರುತ್ತಾರೆ ಬಿಡಿ. ಆದರೆ ಹೋದ ವಿವರ ಹೋದದ್ದೇ, ಬ್ರೈಟ್‌ನೆಸ್ ಎಷ್ಟು ಏರಿಸಿದರೂ ಪೂರ್ತಿ ವಾಪಸ್ ಬರುವುದಿಲ್ಲ.

ಇನ್ನೊಂದು ನಂಬಿಕೆ: ‘ಫುಲ್ ಅಂದ್ರೆ ಒಳ್ಳೇದು, ಲಿಮಿಟೆಡ್ ಅಂದ್ರೆ ಕಮ್ಮಿ ಕ್ವಾಲಿಟಿ.’ ಹೆಸರು ನೋಡಿದರೆ ಹಾಗೇ ಅನಿಸುತ್ತದೆ, ಅಲ್ವಾ? ಎರಡೂ ಕಡೆ ಲಿಮಿಟೆಡ್ ಇದ್ದರೂ ಕಪ್ಪು ಅಷ್ಟೇ ಕಪ್ಪು, ಬಿಳಿ ಅಷ್ಟೇ ಬಿಳಿ. ಮೆಟ್ಟಿಲು 256ರ ಬದಲು 220 ಆಗುವುದರಿಂದ ಸಂಜೆ ಆಕಾಶದಂಥ ಮೆಲ್ಲಗೆ ಬದಲಾಗುವ ಬಣ್ಣದಲ್ಲಿ ಸ್ವಲ್ಪ ಪಟ್ಟೆ ಕಾಣಬಹುದು, ಅಷ್ಟೇ. ಎರಡೂ ತುದಿ ಹೊಂದಿಕೊಂಡಿದೆಯಾ ಅನ್ನೋದೇ ಮುಖ್ಯ.

ಹೊಂದಿದೆಯಾ ಅಂತ ತಿಳಿಯಲು ಏನೂ ಕೊಳ್ಳಬೇಕಾಗಿಲ್ಲ, ವಿಂಡೋಸ್ ಜೊತೆ ಬರುವ ಪೇಂಟ್ ಸಾಕು. ಇಡೀ ಹಾಳೆಗೆ ಕಪ್ಪು ತುಂಬಿ. ಎಡಿಟ್ ಕಲರ್ಸ್‌ಗೆ ಹೋಗಿ ಕೆಂಪು, ಹಸಿರು, ನೀಲಿ ಮೂರಕ್ಕೂ 5 ಹಾಕಿ ಒಂದು ಚೌಕ ಬರೆಯಿರಿ. ಪಕ್ಕದಲ್ಲಿ 10ರದ್ದು, ಆಮೇಲೆ 15, 20, 25. ಇನ್ನೊಂದು ಹಾಳೆ ಬಿಳಿ, ಅದರಲ್ಲಿ 250, 245, 240, 235, 230. ಎರಡನ್ನೂ ಪಿಎನ್‌ಜಿಯಾಗಿ ಉಳಿಸಿ, ಟಿವಿ ಮೇಲೆ ಫುಲ್‌ಸ್ಕ್ರೀನ್ ಮಾಡಿ. ಹಗಲು ಕಿಟಕಿ ಪರದೆ ಎಳೆದುಕೊಳ್ಳಿ, ರಾತ್ರಿಯಾದರೆ ಇನ್ನೂ ಒಳ್ಳೇದು. ಟಿವಿಯ ಡೈನಾಮಿಕ್ ಕಾಂಟ್ರಾಸ್ಟ್, ಎನರ್ಜಿ ಸೇವಿಂಗ್ ಥರದ್ದೆಲ್ಲ ಆಫ್ ಇರಲಿ, ಅವು ತಾವೇ ಬೆಳಕು ಏರಿಳಿಸಿ ದಾರಿ ತಪ್ಪಿಸುತ್ತವೆ. 15ರವರೆಗಿನ ಚೌಕ ಒಂದೂ ಕಾಣದೆ 20 ಮಾತ್ರ ಮಬ್ಬಾಗಿ ಕಂಡರೆ, ಬಿಳಿ ಹಾಳೆಯಲ್ಲಿ 240, 245, 250 ಮೂರೂ ಕರಗಿಹೋಗಿದ್ದರೆ, ಫುಲ್ ಬರುತ್ತಿದೆ, ಟಿವಿ ಲಿಮಿಟೆಡ್ ಅಂದುಕೊಂಡಿದೆ. ಅನುಮಾನವೇ ಬೇಡ.

ಚೌಕ ಎಲ್ಲ ಕಂಡ ಮಾತ್ರಕ್ಕೆ ಸರಿ ಇದೆ ಅಂತ ಅಲ್ಲ, ಯಾಕೆಂದರೆ ಚಿತ್ರ ಮಂಕಾಗಿರುವಾಗಲೂ ಚೌಕ ಕಾಣುತ್ತವೆ. ಎಲ್‌ಸಿಡಿಯ ಕಪ್ಪು ಹೇಗೂ ಸ್ವಲ್ಪ ಬೆಳಗುತ್ತದೆ, ಹಾಗಾಗಿ ‘ಇದು ಬೂದುಬಣ್ಣವಾ, ಪ್ಯಾನೆಲ್ಲೇ ಹಿಂಗಾ’ ಅಂತ ಗೊಂದಲ. ಅದಕ್ಕೆ ಕಪ್ಪು ಹಾಳೆ ಎದುರಿಗಿಟ್ಟುಕೊಂಡೇ ಟಿವಿಯ ರೇಂಜ್ ಸೆಟ್ಟಿಂಗನ್ನು ಅತ್ತ ಇತ್ತ ಬದಲಿಸಿ ನೋಡಿ. ಚೌಕಗಳು ಉಳಿದುಕೊಂಡೇ ಹಿನ್ನೆಲೆ ಯಾವುದರಲ್ಲಿ ಜಾಸ್ತಿ ಕಪ್ಪಾಗುತ್ತದೋ ಅದೇ ಸರಿಯಾದದ್ದು. ಕಪ್ಪಾಗುವಾಗ ಚೌಕವೂ ನುಂಗಿಹೋದರೆ ಮೊದಲಿದ್ದದ್ದೇ ಸರಿ, ವಾಪಸ್ ಹಾಕಿ. ಇನ್ನೂ ಅನುಮಾನವಿದ್ದರೆ ಅದೇ ಚಿತ್ರದ ಜೆಪಿಜಿ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯ ಯುಎಸ್‌ಬಿಯಲ್ಲೇ ತೆರೆಯಿರಿ. ಅಲ್ಲಿ ಕೇಬಲ್ಲಿನ ಜಗಳವೇ ಇಲ್ಲ. ಆ ಕಪ್ಪಿಗೂ ಎಚ್‌ಡಿಎಂಐ ಕಪ್ಪಿಗೂ ಹೋಲಿಸಿ.

ಅಂದ ಹಾಗೆ, ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿ ‘ನೋಡು ಹೆಂಗ್ ಕಾಣ್ತಿದೆ’ ಅಂದರೆ ಪ್ರಯೋಜನವಿಲ್ಲ. ಸ್ಕ್ರೀನ್‌ಶಾಟ್ ಕಂಪ್ಯೂಟರ್ ಒಳಗೇ ತೆಗೆದದ್ದು, ತಪ್ಪು ನಡೆಯುವುದು ಅದು ಹೊರಗೆ ಹೋದ ಮೇಲೆ. ಅವರ ಕಡೆ ಚೆನ್ನಾಗೇ ಕಾಣುತ್ತದೆ.

ಟಿವಿಯಲ್ಲಿ ಈ ಸೆಟ್ಟಿಂಗ್ ಎಲ್ಲಿದೆ ಅನ್ನೋದೇ ದೊಡ್ಡ ರಗಳೆ, ಒಂದೊಂದು ಕಂಪನಿಯದ್ದು ಒಂದೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್: ಲೋ ಅಂದರೆ ಲಿಮಿಟೆಡ್, ನಾರ್ಮಲ್ ಅಂದರೆ ಫುಲ್. ಎಲ್‌ಜಿಯಲ್ಲಿ ಬ್ಲ್ಯಾಕ್ ಲೆವೆಲ್, ಅಲ್ಲಿ ಲೋ ಮತ್ತು ಹೈ. ಸೋನಿಯಲ್ಲಿ ಎಚ್‌ಡಿಎಂಐ ವಿಡಿಯೊ ರೇಂಜ್ ಅಂತ ಸ್ಪಷ್ಟವಾಗಿದೆ, ಆಟೊ, ಫುಲ್, ಲಿಮಿಟೆಡ್. ಆದರೆ ಸೋನಿಯಲ್ಲೇ ‘ಬ್ಲ್ಯಾಕ್ ಲೆವೆಲ್’ ಅಂತ ಬೇರೆ ಒಂದಿದೆ, ಅದು ಬೇರೆ ಟಿವಿಗಳ ಬ್ರೈಟ್‌ನೆಸ್ ಇದ್ದಂತೆ, ರೇಂಜಿಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ಸಲ ಈ ಸಾಲು ಮಂಕಾಗಿ, ಒತ್ತಲು ಬಾರದ ಹಾಗಿರುತ್ತದೆ. ಆಗ ಕಂಪ್ಯೂಟರ್ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬದಲು ವೈಸಿಬಿಸಿಆರ್, ಅಂದರೆ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡಿದ ಸಿಗ್ನಲ್, ಕಳಿಸುತ್ತಿದೆ ಅಂತ ಅಂದಾಜು ಮಾಡಬಹುದು. ವೈಸಿಬಿಸಿಆರ್ ಸಾಮಾನ್ಯವಾಗಿ ಲಿಮಿಟೆಡ್ಡೇ, ಆಯ್ಕೆಗೆ ಕೆಲಸವಿಲ್ಲ.

ಕಂಪ್ಯೂಟರ್ ಕಡೆ ಸೆಟ್ಟಿಂಗ್ ಇರುವುದು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶದಲ್ಲಿ. ಎನ್ವಿಡಿಯಾ ಕಾರ್ಡ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಶನ್, ಕೆಳಗೆ ಯೂಸ್ ಎನ್ವಿಡಿಯಾ ಕಲರ್ ಸೆಟ್ಟಿಂಗ್ಸ್ ಆರಿಸಿ, ಫಾರ್ಮ್ಯಾಟ್ ಆರ್‌ಜಿಬಿ, ಔಟ್‌ಪುಟ್ ಡೈನಾಮಿಕ್ ರೇಂಜ್ ಫುಲ್. ಎಎಂಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟ್ ಅಂತ ಇರುತ್ತದೆ. ‘ಪಿಸಿ ಸ್ಟ್ಯಾಂಡರ್ಡ್’ ಅಂದರೆ ಫುಲ್, ‘ಸ್ಟುಡಿಯೊ’ ಅಂದರೆ ಲಿಮಿಟೆಡ್. ಸ್ಟುಡಿಯೊ ಅನ್ನೋ ಹೆಸರಿಗೆ ಮರುಳಾಗಬೇಡಿ. ಇಂಟೆಲ್‌ನಲ್ಲಿ ಕ್ವಾಂಟೈಸೇಶನ್ ರೇಂಜ್. ಲಿನಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಇರುವವರು ಎಕ್ಸ್‌ರ‍್ಯಾಂಡರ್ ಅನ್ನೋ ಕಮಾಂಡ್‌ನಿಂದ ‘ಬ್ರಾಡ್‌ಕಾಸ್ಟ್ ಆರ್‌ಜಿಬಿ’ಯನ್ನು ಫುಲ್‌ಗೆ ಹಾಕಿಕೊಳ್ಳಬಹುದು.

ಮಾನಿಟರ್ ಆದರೆ ಯೋಚನೆಯೇ ಬೇಡ, ಎರಡೂ ಕಡೆ ಫುಲ್. ಹಾಗಾದರೆ ಹೊಸ ಮಾನಿಟರಿನಲ್ಲೂ ಯಾಕೆ ಮಂಕಾಗುತ್ತದೆ? 1080ಪಿಯಂಥ ಟಿವಿ ರೆಸಲ್ಯೂಶನ್‌ಗೆ ಎಚ್‌ಡಿಎಂಐ ನಿಯಮದ ಪ್ರಕಾರ ಡೀಫಾಲ್ಟ್ ಲಿಮಿಟೆಡ್. ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಅಂದುಕೊಂಡು ಲಿಮಿಟೆಡ್ ಕಳಿಸುತ್ತದೆ, ಮಾನಿಟರ್ ಫುಲ್ ಅಂತಲೇ ಓದುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದರೆ ಈ ತಲೆನೋವು ಸಾಮಾನ್ಯವಾಗಿ ಬರುವುದೇ ಇಲ್ಲ. ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಏನೂ ಮಾಡಬೇಕಾಗಿಲ್ಲ.

ಟಿವಿಗೆ ಕಂಪ್ಯೂಟರ್ ಹಚ್ಚಿದಾಗ ಮೊದಲು ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರು ಅಥವಾ ಐಕಾನನ್ನು ಪಿಸಿ ಅಂತ ಬದಲಿಸಿ. ಸ್ಯಾಮ್‌ಸಂಗ್, ಎಲ್‌ಜಿಯಲ್ಲಿ ಇದರಿಂದ ಅಕ್ಷರವೂ ಚೂಪಾಗುತ್ತದೆ, ಕಪ್ಪಿನ ಮೇಲೆ ಕೆಂಪು ಅಕ್ಷರ ಕಲಸಿದಂತೆ ಕಾಣುವುದು ನಿಲ್ಲುತ್ತದೆ. ಆಮೇಲೆ ಎರಡೂ ಕಡೆ ಫುಲ್ ಹಾಕಿ ಚೌಕ ನೋಡಿ. ಟಿವಿಯಲ್ಲಿ ರೇಂಜ್ ಸೆಟ್ಟಿಂಗೇ ಇಲ್ಲ, ಅಥವಾ ಇದ್ದರೂ ಕೇಳುತ್ತಿಲ್ಲ ಅಂದರೆ ಸುಮ್ನೆ ಗುದ್ದಾಡಬೇಡಿ, ಕಂಪ್ಯೂಟರನ್ನೇ ಲಿಮಿಟೆಡ್‌ಗೆ ಇಳಿಸಿ. ಕಡಿಮೆ ಬೆಲೆಯ 32 ಇಂಚಿನ ಟಿವಿಗಳಿಗೆ ನನ್ನ ಆಯ್ಕೆ ಇದೇ.

ಸೆಟ್‌ಟಾಪ್ ಬಾಕ್ಸ್, ಒಟಿಟಿ ನೋಡಲು ಟಿವಿಗೆ ಸಿಕ್ಕಿಸುವ ಸ್ಟಿಕ್, ಬ್ಲೂರೇ ಪ್ಲೇಯರ್‌ಗಳನ್ನು ಮುಟ್ಟುವುದೇ ಬೇಡ. ಅವುಗಳ ಮೂಲವೇ ಲಿಮಿಟೆಡ್, ಟಿವಿ ಆಟೊ ಇದ್ದರೆ ಸಾಕು. ಗೇಮ್ ಕನ್ಸೋಲ್ ಆದರೆ ಪಿಎಸ್5ರಲ್ಲಿ ಆರ್‌ಜಿಬಿ ರೇಂಜ್ ಆಟೊಮ್ಯಾಟಿಕ್, ಎಕ್ಸ್‌ಬಾಕ್ಸ್‌ನಲ್ಲಿ ಕಲರ್ ಸ್ಪೇಸ್ ಸ್ಟ್ಯಾಂಡರ್ಡ್ ಇರಲಿ.

ಒಂದು ವಿಚಿತ್ರ ಕೇಸ್ ಇದೆ. ಡೆಸ್ಕ್‌ಟಾಪ್ ಸರಿ ಇದೆ, ಚೌಕ ಎಲ್ಲ ಸರಿ, ಆದರೆ ವಿಡಿಯೊ ಮಾತ್ರ ಮಂಕು. ರಾತ್ರಿ ಬಯಲಾಟದ ರೆಕಾರ್ಡಿಂಗ್ ಹಾಕಿದರೆ ವೇಷದ ಹಿಂದಿನ ಕತ್ತಲು ಹೊಗೆ ತುಂಬಿದ ಹಾಗೆ. ಆಗ ಕೇಬಲ್ಲಿನ ರೇಂಜ್ ಬದಲಿಸಿದರೆ ಸರಿ ಇದ್ದದ್ದೂ ಕೆಡುತ್ತದೆ. ಎನ್ವಿಡಿಯಾದಲ್ಲಿ ಅಡ್ಜಸ್ಟ್ ವಿಡಿಯೊ ಕಲರ್ ಸೆಟ್ಟಿಂಗ್ಸ್ ಅನ್ನೋ ಬೇರೆ ಪುಟವಿದೆ, ಅದರ ಅಡ್ವಾನ್ಸ್ಡ್‌ನಲ್ಲಿ ಡೈನಾಮಿಕ್ ರೇಂಜನ್ನು 0–255 ಮಾಡಿ. ಇದು ವಿಡಿಯೊಗಷ್ಟೇ ಅನ್ವಯಿಸುತ್ತದೆ. ಮದುವೆ ಲೈವ್ ಮಾಡುವವರು ಒಬಿಎಸ್ ಅನ್ನೋ ಲೈವ್ ತಂತ್ರಾಂಶದ ಕಲರ್ ರೇಂಜನ್ನು ಲಿಮಿಟೆಡ್ ಆಗಿಯೇ ಬಿಡಿ. ನಿಮ್ಮ ಮಾನಿಟರ್ ಫುಲ್ ಇದೆ ಅಂತ ಅಲ್ಲೂ ಫುಲ್ ಮಾಡಿದರೆ ನೋಡುವವರಲ್ಲಿ ಕೆಲವರಿಗೆ ಮಸಿ ಕಾಣುತ್ತದೆ.

ರೇಂಜ್ ಸರಿಹೋದ ಮೇಲೆ ಬ್ರೈಟ್‌ನೆಸ್ ಮುಟ್ಟಬಹುದು. ಕಪ್ಪು ಹಾಳೆಯಲ್ಲಿ 10ರ ಚೌಕ ಕಂಡೂ ಕಾಣದ ಹಾಗಿರಲಿ, ಅಷ್ಟಕ್ಕೆ ನಿಲ್ಲಿಸಿ. 5 ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಎರಡು ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ. ಡ್ರೈವರ್ ಅಪ್‌ಡೇಟ್ ಆದಾಗ ಕಂಪ್ಯೂಟರ್ ಕೆಲವೊಮ್ಮೆ ಡೀಫಾಲ್ಟ್‌ಗೆ ಮರಳುತ್ತದೆ. ಟಿವಿಯಲ್ಲಿ ಈ ಸೆಟ್ಟಿಂಗ್ ಹೆಚ್ಚಾಗಿ ಒಂದೊಂದು ಪೋರ್ಟ್‌ಗೆ ಬೇರೆ ಬೇರೆ. ಕೇಬಲ್ ಕಿತ್ತು ಪಕ್ಕದ ಎಚ್‌ಡಿಎಂಐಗೆ ಹಾಕಿದರೆ ಪಿಸಿ ಐಕಾನ್, ರೇಂಜ್ ಎರಡನ್ನೂ ಅಲ್ಲಿ ಹೊಸದಾಗಿ ಹಾಕಬೇಕು.