ಬ್ರೇಕ್ ಹಿಡಿದರೆ ಬಿಡುತ್ತಿಲ್ಲವೇ? ಸಾಮಾನು ತರುವ ಮೊದಲು ಹೀಗೆ ನೋಡಿ

ಹೋದ ಬೇಸಿಗೆಯಲ್ಲಿ ಇಂಡಿಯಿಂದ ವಿಜಯಪುರದ ಮಾರ್ಕೆಟ್ಟಿಗೆ ನಿಂಬೆಹಣ್ಣಿನ ಲೋಡ್ ಹೊರಟಿತ್ತು. ಅರ್ಧ ದಾರಿಗೆ ನಮ್ಮ ಪಿಕಪ್ ಓಡಿಸುವ ಹುಡುಗ ಫೋನ್ ಮಾಡಿದ. ‘ಕಾಕಾ, ಗಾಡಿ ಎಡಕ್ಕ ಜಗ್ಗಾಕತ್ತೈತಿ. ಸುಟ್ಟ ವಾಸನಿನೂ ಬರಾಕತ್ತೈತಿ.’ ಎಡಗಡೆ ಮುಂದಿನ ಗಾಲಿಯ ಬ್ರೇಕ್ ಹಿಡಿದುಕೊಂಡಿತ್ತು. ಗ್ಯಾರೇಜಿನಲ್ಲಿ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸಿದರು. ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು. ಪ್ಯಾಡ್ ಬದಲಿಸಿದರು. ಮತ್ತೆ ಅದೇ. ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತಾ? ಮೊಳದುದ್ದದ ಒಂದು ರಬ್ಬರ್ ಪೈಪ್.

ತಪ್ಪು ಮಾಡಿದ್ದು ಇಷ್ಟೇ. ರೋಗ ಯಾವುದು ಅಂತ ನೋಡುವ ಮೊದಲೇ ಔಷಧಿ ತಂದೆವು. ಬ್ರೇಕ್ ವಿಷಯದಲ್ಲಿ ಹುಡುಕೋ ಕೆಲಸಕ್ಕೆ ದುಡ್ಡು ಕಡಿಮೆ, ಅಂದಾಜಿನ ಮೇಲೆ ಸಾಮಾನು ಹಾಕಿಸೋದಕ್ಕೇ ಜಾಸ್ತಿ.

ನಮ್ಮ ಕಡೆ ಓಡಾಡುವ ಹೆಚ್ಚಿನ ಪಿಕಪ್‌ಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ದೂರು ಎರಡು ಥರ. ಒಂದು, ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಇನ್ನೊಂದು, ಮೆಲ್ಲಗೆ ಒತ್ತಿದರೂ ಗಾಲಿ ಗಕ್ಕನೆ ಕಚ್ಚುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ದಾರಿ ತಪ್ಪುತ್ತೀರಿ. ಮೊದಲು ಬಿಡದ ಬ್ರೇಕ್ ನೋಡೋಣ.

ಮೊದಲ ಹೆಜ್ಜೆ: ಯಾವ ಗಾಲಿ?

ಖಾಲಿ ಗಾಡಿಯನ್ನು ಸಪಾಟಾದ ರಸ್ತೆಯಲ್ಲಿ 5–6 ಕಿಲೋಮೀಟರ್ ಓಡಿಸಿ. ಬ್ರೇಕ್ ಆದಷ್ಟು ಕಡಿಮೆ ಒತ್ತಿ. ನಿಲ್ಲಿಸಿದ ಮೇಲೆ ಪ್ರತಿ ಗಾಲಿಯ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ, ಚರ್ಮ ಅಂಟಿಕೊಂಡೀತು. ಹಿಡಿದ ಗಾಲಿಯ ಝಳ ದೂರಕ್ಕೇ ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಗನ್ ಇಲ್ಲಿ ಉಪಯೋಗಕ್ಕೆ ಬರದು, ಅದು ಮೈಬಿಸಿಗೆ ಮಾತ್ರ. ಮೇ ತಿಂಗಳ ಬಿಸಿಲಿಗೆ ನಿಂತ ಗಾಡಿಯ ಗಾಲಿ ಸುಮ್ನೆ ಕೂಡ ಕಾದಿರುತ್ತದೆ. ಹಾಗಾಗಿ ಬೆಳಿಗ್ಗೆ ನೋಡುವುದು ಒಳ್ಳೆಯದು. ಕಾದ ಡಿಸ್ಕಿಗೆ ನೀರು ಸುರಿಯುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ, ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಎರಡನೆಯ ಹೆಜ್ಜೆ: ಬ್ರೇಕ್ ಎಣ್ಣೆಯ ಒತ್ತಡವೋ, ಕಬ್ಬಿಣದ ಹಿಡಿತವೋ?

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ. ಬ್ರೇಕ್ ಹಿಡಿದಿರುವಾಗಲೇ ಗಾಡಿ ನಿಲ್ಲಿಸಿ. ಎತ್ತದ ಗಾಲಿಗಳಿಗೆ ಕಲ್ಲು ಕೊಡಿ, ಜಾಕ್ ಹಚ್ಚಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಗಾಲಿ ತಿರುಗಿಸಿ ನೋಡಿ, ಬಿಗಿ ಇದೆ ಅಲ್ವಾ? ಈಗ ಆ ಗಾಲಿಯ ಏರ್ ತೆಗೆಯುವ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ. ಬಿಸಿ ಎಣ್ಣೆ ಚಿಮ್ಮಬಹುದು, ಮುಖ ದೂರ ಇರಲಿ. ಪೇಂಟ್ ಮೇಲೆ ಬಿದ್ದರೆ ಅದನ್ನೂ ತಿನ್ನುತ್ತದೆ.

ಎಣ್ಣೆ ಚಿಮ್ಮಿ ಗಾಲಿ ಸಡಿಲಾಯಿತೋ, ಲೈನಿನಲ್ಲಿ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ. ಎಣ್ಣೆ ಬಂದರೂ ಗಾಲಿ ಬಿಗಿಯಾಗೇ ಇದ್ದರೆ ತೊಂದರೆ ಗಾಲಿಯಲ್ಲೇ ಇದೆ. ಕ್ಯಾಲಿಪರಿನ ಪಿಸ್ಟನ್, ಪಿನ್, ಡ್ರಮ್ಮಿನೊಳಗಿನ ಶೂ, ಹ್ಯಾಂಡ್‌ಬ್ರೇಕ್ ಕೇಬಲ್, ಇವುಗಳಲ್ಲಿ ಯಾವುದಾದರೊಂದು.

ಒತ್ತಡ ಸಿಕ್ಕಿಬೀಳುವುದು ಒಂದೇ ಗಾಲಿಯಲ್ಲಾದರೆ ಮೊದಲ ಅನುಮಾನ ರಬ್ಬರ್ ಪೈಪಿನ ಮೇಲಿರಲಿ. ಹೊರಗೆ ಹೊಸದರಂತೆ ಕಂಡರೂ ಒಳಪದರ ಕಿತ್ತು ನಾಲಿಗೆಯಂತೆ ಜೋತು ಬಿದ್ದಿರುತ್ತದೆ. ಕಾಲಿನ ಬಲಕ್ಕೆ ಎಣ್ಣೆ ಮುಂದೆ ಹೋಗುತ್ತದೆ, ವಾಪಸ್ ಬರಲು ದಾರಿ ಇರುವುದಿಲ್ಲ. ಇನ್ನೊಮ್ಮೆ ಹಿಡಿದಾಗ ನಿಪ್ಪಲ್ ಮುಟ್ಟದೆ, ಚಾಸಿಯ ಕಡೆ ಕಬ್ಬಿಣದ ಪೈಪು ರಬ್ಬರ್ ಪೈಪಿಗೆ ಸೇರುವ ನಟ್ ಸಡಿಲಿಸಿ ನೋಡಿ. ಆಗಲೂ ಗಾಲಿ ಬಿಡದೆ, ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ಪೈಪೇ ಕಳ್ಳ. ನಮ್ಮ ಗಾಡಿಯಲ್ಲಿ ಆಗಿದ್ದು ಇದೇ. ಐದು ನಿಮಿಷದ ಕೆಲಸ, ನಾವು ಮಾಡಿದ್ದು ಮೂರನೇ ಸಲಕ್ಕೆ.

ನಾಲ್ಕೂ ಗಾಲಿ ಹಿಡಿದರೆ?

ಆಗ ಗಾಲಿ ಬಿಚ್ಚಬೇಡಿ, ಮೇಲೆ ನೋಡಿ. ಬೆರಳಿನಿಂದ ಒತ್ತಿದಾಗ ಪೆಡಲಿಗೆ ಸ್ವಲ್ಪ ಆಟ ಇರಬೇಕು. ಆಟವೇ ಇಲ್ಲದಿದ್ದರೆ, ಪೆಡಲ್ ಒತ್ತಿದಾಗ ಎಣ್ಣೆಯನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಎಣ್ಣೆ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಎಣ್ಣೆ ಕಾದಂತೆ ಹಿಗ್ಗುತ್ತದೆ, ಬ್ರೇಕ್ ತಾನಾಗಿ ಬಿಗಿಯುತ್ತಾ ಹೋಗುತ್ತದೆ. ಮುಂಜಾನೆ ಸರಿ ಇದ್ದ ಗಾಡಿ ಹತ್ತು ಕಿಲೋಮೀಟರ್ ದಾಟಿದ ಮೇಲೆ ತಿಣುಕುವುದು ಇದಕ್ಕೇ.

ಬ್ರೇಕ್ ಹಿಡಿದಿರುವಾಗ, ಕಾಲಿನ ಬಲ ಹೆಚ್ಚಿಸುವ ಬೂಸ್ಟರಿಗೆ ಮಾಸ್ಟರ್ ಸಿಲಿಂಡರ್ ಕೂರಿಸಿದ ಎರಡು ನಟ್ 2–3 ಮಿಲಿಮೀಟರ್ ಸಡಿಲಿಸಿ, ಸಿಲಿಂಡರನ್ನು ಅಷ್ಟೇ ಮುಂದೆ ಎಳೆಯಿರಿ. ಗಾಲಿ ಬಿಟ್ಟರೆ ಪೆಡಲ್, ಬೂಸ್ಟರ್ ಅಥವಾ ನಡುವಿನ ತಳ್ಳುವ ಕಡ್ಡಿಯ ಅಳತೆಯಲ್ಲಿ ಹೆಚ್ಚುಕಡಿಮೆ ಆಗಿದೆ. ಬಿಡದಿದ್ದರೆ ಮಾಸ್ಟರಿನಿಂದ ಹೊರಡುವ ಪೈಪಿನ ನಟ್ ಸಡಿಲಿಸಿ. ಈಗ ಬಿಟ್ಟರೆ ಮಾಸ್ಟರ್ ಒಳಗೇ ದೋಷ. ಪೈಪಿನ ನಟ್ ಬಿಚ್ಚಿದ ಮೇಲೆ ಏರ್ ತೆಗೆಯದೆ, ಪೆಡಲ್ ಗಟ್ಟಿಯಾಗದೆ ಗಾಡಿ ಕದಲಿಸಬಾರದು.

ಮಾಸ್ಟರ್ ಕೆಡುವುದಕ್ಕೆ ಬಹಳ ಸಲ ನಾವೇ ಕಾರಣ. ಎಣ್ಣೆ ಕಡಿಮೆಯಾಗಿದೆ ಅಂತ ಕೈಗೆ ಸಿಕ್ಕ ಎಂಜಿನ್ ಆಯಿಲ್ಲೋ ಪವರ್ ಸ್ಟೇರಿಂಗ್ ಆಯಿಲ್ಲೋ ಸುರಿಯುತ್ತೇವೆ. ಬ್ರೇಕಿನ ರಬ್ಬರ್ ವಾಶರ್‌ಗಳು ಅದಕ್ಕೆ ಉಬ್ಬುತ್ತವೆ. ಆಮೇಲೆ ತೊಳೆದರೆ ಸಾಲದು, ಎಣ್ಣೆ ಮುಟ್ಟಿದ ಎಲ್ಲ ರಬ್ಬರನ್ನೂ ಬದಲಿಸಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬೆಳಗಾವಿಯಿಂದ ತರಕಾರಿ ತುಂಬಿಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಬ್ಬಿಣವೇ ಹಿಡಿದಿದ್ದರೆ

ಮುಂದೆ ಕ್ಯಾಲಿಪರ್ ಬಿಚ್ಚಿ, ಅದು ಜಾರುವ ಎರಡು ಪಿನ್ ನೋಡಿ. ಒಣಗಿ ತುಕ್ಕು ಹಿಡಿದಿದ್ದರೆ ಒಳಗಿನ ಪ್ಯಾಡ್ ಮಾತ್ರ ಸವೆದಿರುತ್ತದೆ. ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಗಾಲಿ ಬೇರಿಂಗಿನ ಗ್ರೀಸ್ ಬೇಡ, ಅದಕ್ಕೂ ರಬ್ಬರ್ ಉಬ್ಬುತ್ತದೆ. ಪಿಸ್ಟನ್ನಿನ ರಬ್ಬರ್ ಕುಪ್ಪಸ ಹರಿದಿದ್ದರೆ ಒಳಗೆ ತುಕ್ಕು ಇದೆ ಎಂದೇ ತಿಳಿಯಿರಿ.

ಹಿಂದೆ ನಮ್ಮ ಎರೆ ಮಣ್ಣಿನ ಕಾಟ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಮೆತ್ತಿದ ಕೆಸರು ಒಣಗಿ ಸಿಮೆಂಟಿನಂತಾಗುತ್ತದೆ, ಹ್ಯಾಂಡ್‌ಬ್ರೇಕಿನ ಕೇಬಲ್ ವಾಪಸ್ ಬರುವುದಿಲ್ಲ. ಒಬ್ಬರು ಹ್ಯಾಂಡಲ್ ಎಳೆದು ಬಿಡಲಿ, ಇನ್ನೊಬ್ಬರು ಕೆಳಗೆ ಕೇಬಲ್ ಸಡಿಲಾಗುತ್ತದೆಯೇ ನೋಡಲಿ. ಡ್ರಮ್ ಬಿಚ್ಚಿದರೆ ಸ್ಪ್ರಿಂಗ್, ಶೂ ಕೂರುವ ಜಾಗದ ಕಚ್ಚು, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಎಲ್ಲವನ್ನೂ ನೋಡಿ. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಪುಪ್ಪುಸಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿ ತೊಳೆದ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಕಲ್ಲು ಕೊಡಿ. ಇಲ್ಲದಿದ್ದರೆ ಶೂ ಡ್ರಮ್ಮಿಗೆ ಅಂಟಿ ಕೂರುತ್ತದೆ.

ಗಕ್ಕನೆ ಕಚ್ಚಿದರೆ

ಮಳೆಯ ಮರುದಿನ ಮೊದಲ ಎರಡು ಮೂರು ಸಲ ಕಚ್ಚಿ ಸರಿಹೋದರೆ ಅದು ಮೇಲ್ಮೈಯ ತುಕ್ಕು, ಬಿಟ್ಟುಬಿಡಿ. ದಿನಾ ಕಚ್ಚಿದರೆ ಹಿಂದಿನ ಡ್ರಮ್ಮಿನಲ್ಲಿ ಎಣ್ಣೆ ಇದೆಯೇ ನೋಡಿ. ಶೂ ಮೇಲಿನ ಲೈನರ್ ಎಣ್ಣೆ ಕುಡಿದರೆ ಜಾರುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಸ್ವಲ್ಪ ಎಣ್ಣೆ ಕುಡಿದ ಲೈನರ್ ಕಚ್ಚುವುದೂ ಉಂಟು. ಎಣ್ಣೆ ವೀಲ್ ಸಿಲಿಂಡರಿನದಿರಬಹುದು, ಆಕ್ಸಲ್ ಸೀಲಿನದಿರಬಹುದು. ಸೀಲ್ ಹಾಕಿಸುವ ಮೊದಲು ಹಿಂದಿನ ಆಕ್ಸಲ್ ಹೌಸಿಂಗ್ ಮೇಲಿನ ಉಸಿರಾಟದ ಸಣ್ಣ ನಳಿಕೆ ನೋಡಿ. ಅದು ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಒತ್ತಡ ಏರಿ ಹೊಸ ಸೀಲನ್ನೂ ದಾಟಿ ಎಣ್ಣೆ ಬರುತ್ತದೆ. ನೆನೆದ ಲೈನರನ್ನು ಬೆಂಕಿಗೆ ಹಿಡಿದು ಮತ್ತೆ ಹಾಕುವ ಪದ್ಧತಿ ಬಿಡಿ. ಎರಡೂ ಕಡೆ ಹೊಸದು ಹಾಕಿ. ಒಂದೇ ಕಡೆ ಹಾಕಿದರೆ ಗಾಡಿ ಒಂದು ಬದಿಗೆ ಜಗ್ಗುತ್ತದೆ.

ಇನ್ನೊಂದನ್ನು ಯಾರೂ ನೋಡುವುದಿಲ್ಲ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಕಡ್ಡಿಯಿರುವ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಗಾಡಿ ಕುಗ್ಗಿದಷ್ಟೂ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಬಿಡುತ್ತದೆ. ಈ ವಾಲ್ವ್ ಲೋಡ್ ಇರುವ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಖಾಲಿ ಗಾಡಿಯ ಹಿಂದಿನ ಗಾಲಿ ಲಾಕ್ ಆಗುತ್ತದೆ. ಕಬ್ಬು, ದ್ರಾಕ್ಷಿ ಜಾಸ್ತಿ ತುಂಬೋಣ ಅಂತ ಕಮಾನು ಸ್ಪ್ರಿಂಗಿಗೆ ಇನ್ನೊಂದು ಪಾಟಾ (ಪಟ್ಟಿ) ಸೇರಿಸಿದರೆ ಉಲ್ಟಾ ಕಥೆ. ಗಾಡಿ ಕುಗ್ಗುವುದೇ ಇಲ್ಲ, ವಾಲ್ವಿಗೆ ಲೋಡ್ ಗೊತ್ತಾಗುವುದಿಲ್ಲ, ಮುಂದಿನ ಬ್ರೇಕ್ ಒಂದೇ ಹೆಣಗುತ್ತದೆ. ಇದರ ಹೊಂದಾಣಿಕೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಅದು ತಿಳಿದ ಮೆಕ್ಯಾನಿಕ್‌ನ ಕೆಲಸ.

ನಮ್ಮ ಗಾಡಿಗೆ ಕೊನೆಗೆ ಮುಂದಿನ ಎರಡೂ ಪೈಪ್ ಹಾಕಿಸಿದೆವು. ಬಿಚ್ಚಿ ತೆಗೆದ ಹಳೇ ಕ್ಯಾಲಿಪರ್ ಇನ್ನೂ ಮನೆಯ ಅಟ್ಟದ ಮೇಲಿದೆ. ಎರಡು ಹೆಬ್ಬೆರಳಿಟ್ಟು ಒತ್ತಿದರೆ ಪಿಸ್ಟನ್ ಈಗಲೂ ಸಲೀಸಾಗಿ ಒಳಗೆ ಹೋಗುತ್ತದೆ.